ಹೆಬ್ಬೆರಳಿಗೂ ಕೆಲಸ ಕೊಡೋಣ: ಗೆಳೆಯನಿಗೊಂದು ಪತ್ರ

ಬಳ್ಳಾರಿ

ಪ್ರೀತಿಯ ದೋಸ್ತ,

ಸಂಜೆ ಆಗುವಷ್ಟರಲ್ಲಿ ಮಣಿಕಟ್ಟು ಎಳೆಯುತ್ತದೆ, ಒಂದು ಒಳ್ಳೆ ಕೀಬೋರ್ಡಿನ ಹೆಸರು ಹೇಳು ಅಂತ ಕೇಳಿದ್ದೀಯ. ಹೆಸರು ಹೇಳುವುದು ಸುಲಭ. ಆದರೆ ನೀನು ಕೊಳ್ಳಬೇಡ. ಇಲ್ಲಿಗೆ ಬಾ, ಇಬ್ಬರೂ ಕೂತು ಕಟ್ಟೋಣ. ನಿನ್ನ ಹಾಗೆ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲೇ ಒಂದು ಮಾತು. ಬೆರಳು ಜೋಮು ಹಿಡಿಯುತ್ತಿದ್ದರೆ, ನೋವಿಗೆ ರಾತ್ರಿ ಎಚ್ಚರ ಆಗುತ್ತಿದ್ದರೆ, ಡಾಕ್ಟರ ಹತ್ತಿರ ಹೋಗು. ಕೀಬೋರ್ಡು ಅದನ್ನು ವಾಸಿ ಮಾಡುವುದಿಲ್ಲ.

ಈಗ ನಿನ್ನ ಲ್ಯಾಪ್‌ಟಾಪನ್ನು ಸರಿಯಾಗಿ ನೋಡು. ಕೀಲಿಗಳ ಸಾಲು ಒಂದರ ಕೆಳಗೆ ಒಂದು ನೇರಕ್ಕಿಲ್ಲ, ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿದಿವೆ. 1870ರ ದಶಕದ ಟೈಪ್‌ರೈಟರಿನಲ್ಲಿ ಪ್ರತಿ ಕೀಲಿಗೂ ಒಂದು ಕಡ್ಡಿ ಇರುತ್ತಿತ್ತು. ಒಂದರ ಕಡ್ಡಿ ಇನ್ನೊಂದಕ್ಕೆ ತಾಗಬಾರದು ಅಂತ ಸಾಲುಗಳನ್ನು ಓರೆಯಾಗಿ ಇಟ್ಟರು. ಕಡ್ಡಿಗಳು ಹೋಗಿ ಎಷ್ಟೋ ಕಾಲ ಆಯಿತು, ಓರೆ ಮಾತ್ರ ಹಾಗೇ ಇದೆ. ನಮ್ಮ ಬೆರಳು ನೇರ ಚಾಚುತ್ತವೆ, ನೇರ ಮಡಚುತ್ತವೆ. ಸಾಲದ್ದಕ್ಕೆ ಎರಡೂ ಕೈಯನ್ನು ಎದೆಯ ಮುಂದೆ ಒಂದೇ ಕಡೆ ತಂದಿಡಬೇಕು. ಆಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತದೆ. ಶಿಫ್ಟ್, ಕಂಟ್ರೋಲ್, ಎಂಟರ್, ಬ್ಯಾಕ್‌ಸ್ಪೇಸ್, ಕೋಡಿಗೆ ಬೇಕಾದ ಬ್ರಾಕೆಟ್ಟುಗಳು, ಎಲ್ಲವೂ ಆ ಬಡಪಾಯಿ ಕಿರುಬೆರಳಿನ ಪಾಲು. ಗಟ್ಟಿಮುಟ್ಟಾದ ಹೆಬ್ಬೆರಳಿಗೆ ಸ್ಪೇಸ್ ಒತ್ತುವುದೊಂದೇ ಕೆಲಸ. ನನಗೆ ಸಿಟ್ಟು ಬರುವುದು ಇದಕ್ಕೇ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರು ಮಿಷನ್ ಮುಂದೆ ಕೂತರೆ ಮೊದಲು ಸ್ಟೂಲು, ಪೆಡಲು ತಮಗೆ ತಕ್ಕಂತೆ ಸರಿ ಮಾಡಿಕೊಳ್ಳುತ್ತಾರೆ. ನಾವೂ ದಿನವಿಡೀ ಕೈಯಿಂದಲೇ ದುಡಿಯುವವರು, ಅಲ್ವಾ?

ನಾನು ಕಟ್ಟಿಕೊಂಡದ್ದು ಕೋರ್ನೆ ಅನ್ನುವ ಓಪನ್ ಸೋರ್ಸ್ ವಿನ್ಯಾಸ, ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಕಟ್ಟಬಹುದಾದ ನಕ್ಷೆ. ಎರಡು ಹೋಳು, ಒಟ್ಟು 42 ಕೀಲಿ. ಒಂದೊಂದು ಕೈಗೆ 18 ಕೀಲಿ ಬೆರಳುಗಳಿಗೆ, ಮೂರು ಹೆಬ್ಬೆರಳಿಗೆ. ನಡುಬೆರಳು ಉದ್ದ, ಅದರ ಕಂಬಸಾಲು ಮೇಲಿದೆ. ಕಿರುಬೆರಳು ಗಿಡ್ಡ, ಅದರದು ಕೆಳಗಿದೆ. ಎರಡು ಹೋಳನ್ನು ಭುಜದಷ್ಟು ದೂರ ಇಟ್ಟರೆ ಮಣಿಕಟ್ಟು ತಾನಾಗಿ ನೆಟ್ಟಗಾಗುತ್ತದೆ. ಅಂಕಿಗಳ ಸಾಲೇ ಇಲ್ಲ ಅಂತ ಗಾಬರಿ ಆಗಬೇಡ. ಹೆಬ್ಬೆರಳಿನ ಒಂದು ಕೀಲಿ ಹಿಡಿದರೆ ಅಕ್ಷರದ ಕೀಲಿಗಳೇ ಅಂಕಿಗಳಾಗುತ್ತವೆ, ಇನ್ನೊಂದು ಹಿಡಿದರೆ ಬ್ರಾಕೆಟ್ಟು, ಬಾಣಗಳು. ಇವನ್ನು ಲೇಯರ್ ಅನ್ನುತ್ತಾರೆ. ಯಾವ ಕೀಲಿ ಏನು ಮಾಡಬೇಕು ಅನ್ನುವುದನ್ನು ಕೀಬೋರ್ಡಿನ ಒಳಗೇ ಓಡುವ ತಂತ್ರಾಂಶದಲ್ಲಿ, ಅಂದರೆ ಕ್ಯುಎಂಕೆ ಫರ್ಮ್‌ವೇರ್‌ನಲ್ಲಿ ನಾವೇ ಬರೆಯುವುದು. ಅದೂ ಸಿ ಭಾಷೆಯಲ್ಲೇ, ನಿನಗೆ ನೀರು ಕುಡಿದಷ್ಟು ಸುಲಭ.

ನನಗೆ ತುಂಬಾ ಖುಷಿ ಕೊಟ್ಟದ್ದು ಕನ್ನಡ ಟೈಪಿಂಗ್. ನುಡಿ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು, ಗೊತ್ತಲ್ಲ. ‘ಬಳ್ಳಾರಿ’ ಅಂತ ಬರೆದು ನೋಡು. ಬಿ ಆದಮೇಲೆ ಳಕ್ಕೆ ಶಿಫ್ಟ್ ಹಿಡಿದು ಎಲ್, ಶಿಫ್ಟ್ ಬಿಟ್ಟು ಎಫ್, ಮತ್ತೆ ಶಿಫ್ಟ್ ಹಿಡಿದು ಎಲ್, ದೀರ್ಘಕ್ಕೆ ಶಿಫ್ಟ್ ಹಿಡಿದೇ ಎ, ಆಮೇಲೆ ಆರ್, ಐ. ನಮ್ಮೂರ ಹೆಸರು ಬರೆಯುವುದಕ್ಕೇ ಕಿರುಬೆರಳು ಇಷ್ಟು ಒದ್ದಾಡಬೇಕು. ಕನ್ನಡದಲ್ಲಿ ಒತ್ತಿಲ್ಲದ ಸಾಲು ಸಿಗುವುದು ಕಷ್ಟ. ಅದಕ್ಕೆ ಕನ್ನಡಕ್ಕೇ ಒಂದು ಲೇಯರ್ ಮಾಡಿ, ಒತ್ತನ್ನು ಎಡ ಹೆಬ್ಬೆರಳಿಗೆ ಕೊಟ್ಟೆ. ಕೀಬೋರ್ಡು ಕಳಿಸುವುದು ಎಫ್ ಕೀಲಿಯ ಸಂಕೇತವನ್ನೇ, ಅದನ್ನು ಒತ್ತು ಮಾಡುವುದು ಕಂಪ್ಯೂಟರಿನಲ್ಲಿರುವ ನುಡಿ. ಹಾಗಾಗಿ ಕಂಪ್ಯೂಟರಿನಲ್ಲಿ ಹೊಸದಾಗಿ ಏನೂ ಹಾಕಬೇಕಿಲ್ಲ. ಪಕ್ಕದ ಕೀಲಿ ಶಿಫ್ಟ್. ಅದನ್ನು ಹಿಡಿದುಕೊಂಡೇ ಇರಬೇಕಾಗಿಲ್ಲ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ತಾನೇ ಹತ್ತುತ್ತದೆ. ಈಗ ಮಹಾಪ್ರಾಣ, ದೀರ್ಘ, ಒತ್ತು ಎಲ್ಲವೂ ಹೆಬ್ಬೆರಳಿನ ಮೇಲೆ ನಡೆಯುತ್ತವೆ. ಕನ್ನಡಕ್ಕೆ ಅಂತ ಯಾವ ಅಂಗಡಿಯಲ್ಲೂ ನನಗೆ ಇಂಥದ್ದು ಸಿಗಲಿಲ್ಲ. ಕೊಳ್ಳಬೇಡ, ಕಟ್ಟು ಅಂತ ನಾನು ಹಟ ಹಿಡಿದಿರುವುದು ಇದಕ್ಕೆ.

ಬೆಸುಗೆಗೆ ಹೆದರಬೇಡ. ಪ್ರತಿ ಕೀಲಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಬೇಕು. ಕೀಲಿಗಳು ಅಡ್ಡ ಸಾಲು, ಉದ್ದ ಸಾಲಿನ ಬಲೆಯಲ್ಲಿ ಕೂತಿರುತ್ತವೆ. ಡಯೋಡ್ ಇಲ್ಲದಿದ್ದರೆ ಮೂರ್ನಾಲ್ಕು ಕೀಲಿ ಒಟ್ಟಿಗೆ ಒತ್ತಿದಾಗ ಕರೆಂಟು ಹಿಂದಿನಿಂದ ಹರಿದು, ಒತ್ತದ ಅಕ್ಷರವೂ ಮೂಡುತ್ತದೆ. ಡಯೋಡ್ ಅಕ್ಕಿಕಾಳಿಗಿಂತ ಚಿಕ್ಕದು. ಸರ್ಕ್ಯೂಟ್ ಬೋರ್ಡಿನ ಒಂದು ಪ್ಯಾಡಿಗೆ, ಅಂದರೆ ಬೆಸೆಯುವ ಲೋಹದ ಚುಕ್ಕೆಗೆ, ಮೊದಲು ಸ್ವಲ್ಪ ಬೆಸುಗೆಯ ಸೀಸ ಹಾಕು. ಚಿಮುಟದಲ್ಲಿ ಡಯೋಡ್ ಹಿಡಿದು, ಆ ಸೀಸ ಕರಗಿಸಿ ಒಳಗೆ ಸರಿಸು. ಅದು ಗಟ್ಟಿಯಾದಮೇಲೆ ಡಯೋಡಿನ ಇನ್ನೊಂದು ತುದಿಯನ್ನು ಬೆಸೆ. ಮೈಮೇಲಿನ ಗೆರೆ ಬೋರ್ಡಿನ ಗುರುತಿಗೆ ಹೊಂದಿದೆಯಾ ಅಂತ ಪ್ರತಿ ಸಲ ನೋಡು. ನಮ್ಮೂರ ಬಿಸಿಲಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ, ಆದರೆ ಫ್ಯಾನ್ ಹಾಕಿದರೆ ಡಯೋಡ್ ಹಾರಿಹೋಗುತ್ತವೆ. ಬೆಳಿಗ್ಗೆ ತಂಪಿರುವಾಗಲೇ ಕಿಟಕಿ ತೆಗೆದು ಕೂರೋಣ, ಹೊಗೆ ಮುಖಕ್ಕೆ ಬರಬಾರದು. ಪ್ರತಿ ಕೀಲಿಯ ಅಡಿಯಲ್ಲಿರುವ ಸ್ವಿಚ್ಚಿಗೆ ಬೆಸುಗೆ ಬೇಡ, ಹಾಟ್‌ಸ್ವಾಪ್ ಸಾಕೆಟ್ ಹಾಕಿದರೆ ಒತ್ತಿ ಕೂರಿಸಬಹುದು, ಕೆಟ್ಟರೆ ಕಿತ್ತು ಬೇರೆ ಹಾಕಬಹುದು.

ನೆನಪಿಡಬೇಕಾದ್ದು ಇನ್ನೊಂದು. ಎರಡು ಹೋಳನ್ನು ಕೂಡಿಸುವ ವೈರನ್ನು ಯುಎಸ್‌ಬಿ ಚಾಲೂ ಇರುವಾಗ ಕೀಳಬೇಡ, ಚುಚ್ಚಬೇಡ. ಪಿನ್ನುಗಳು ಒಂದಕ್ಕೊಂದು ತಾಗಿ, ಕೀಬೋರ್ಡನ್ನು ನಡೆಸುವ ಕಂಟ್ರೋಲರ್ ಸುಟ್ಟುಹೋಗಬಹುದು.

ಸ್ವಿಚ್ ನೀನೇ ಆರಿಸು. ನಿನ್ನ ಕೈ ದಣಿಯುತ್ತದೆ, ನಿನಗೆ ಹಗುರ ಸ್ಪ್ರಿಂಗ್ ಒಳ್ಳೆಯದು, 45 ಗ್ರಾಂ ಸುತ್ತಮುತ್ತಲಿನದು. ಸಾಮಾನ್ಯ ಎಂಎಕ್ಸ್ ಮಾದರಿಯ ಸ್ವಿಚ್ ನಾಲ್ಕು ಮಿಲಿಮೀಟರ್ ಇಳಿದರೂ ಎರಡಕ್ಕೇ ಅಕ್ಷರ ಮೂಡುತ್ತದೆ. ತಳ ಮುಟ್ಟುವ ತನಕ ಒತ್ತಬೇಕಾಗಿಲ್ಲ ಅನ್ನುವುದು ಕೈಗೆ ರೂಢಿ ಆದರೆ ಅರ್ಧ ಸುಸ್ತು ಅಲ್ಲೇ ಕಡಿಮೆ.

ಕೀಬೋರ್ಡಿನ ಅಡಿಗೆ ಇಡುವ ಓರೆ ಮಣೆಯನ್ನು ಇಲ್ಲಿಯ ಬಡಗಿ ಮಾಡಿಕೊಟ್ಟ. ಎಷ್ಟು ಡಿಗ್ರಿ ಅಂತ ಹೇಳಲು ಹೋದೆ, ‘ಎಷ್ಟು ಇಂಚು ಏರಬೇಕು, ಅದನ್ನ ಹೇಳ್ರಿ’ ಅಂದ. ಹೆಬ್ಬೆರಳ ಕಡೆ ಒಂದಿಂಚು ಅಂದೆ. ಬೇವಿನ ತುಂಡಿನಲ್ಲಿ ಕೊರೆದು, ಉಜ್ಜುಕಾಗದ ಹೊಡೆದು ಕೊಟ್ಟ. ಅಂಗೈ ಪೂರ್ತಿ ನೆಲ ನೋಡದೆ ಸ್ವಲ್ಪ ಒಳಕ್ಕೆ ತಿರುಗಿದರೆ ಮುಂಗೈ ತಿರುಚುವುದು ತಪ್ಪುತ್ತದೆ.

ಮೊದಮೊದಲು ವೇಗ ಪೂರ್ತಿ ಬಿದ್ದುಹೋಗುತ್ತದೆ, ಡೆಡ್‌ಲೈನ್ ಇರುವ ವಾರದಲ್ಲಿ ಶುರು ಮಾಡಬೇಡ.

ಸರ್ಕ್ಯೂಟ್ ಬೋರ್ಡಿನ ಚಿಂತೆ ನಿನಗೆ ಬೇಡ. ನಾನು ಮಾಡಿಸಿದ ಕಡೆ ಐದಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ. ಈ ಬೋರ್ಡನ್ನು ಮಗುಚಿದರೆ ಎಡದ್ದೇ ಬಲದ್ದಾಗುತ್ತದೆ, ಒಂದು ಕೀಬೋರ್ಡಿಗೆ ಎರಡು ಸಾಕು. ನಿನ್ನ ಜೋಡಿ ನನ್ನ ಡ್ರಾಯರಿನಲ್ಲಿದೆ. ಡಯೋಡ್, ಸಾಕೆಟ್ ಇವೆ. ಸ್ವಿಚ್ 42ರ ಮೇಲೆ ನಾಲ್ಕೈದು ಜಾಸ್ತಿ ತಾ, ಕೀಲಿಯ ಮೇಲೆ ಹಾಕುವ ಕೀಕ್ಯಾಪ್ ನಿನ್ನಿಷ್ಟ. ಬೆಂಗಳೂರಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತು, ನಾನು ಸ್ಟೇಷನ್ನಿಗೆ ಬರುತ್ತೇನೆ. ಯಾವ ವಾರ ರಜೆ ಸಿಗುತ್ತದೆ ಅಂತ ಬೇಗ ತಿಳಿಸು, ಬಡಗಿಗೆ ನಿನ್ನ ಮಣೆಗೂ ಹೇಳಿಡಬೇಕು.

ನಿನ್ನ,
ಬಳ್ಳಾರಿಯ ದೋಸ್ತ