ರಬಾತ್‌ನಿಂದ ಅತ್ತೆಯವರಿಗೆ: ಹಬೆಯಲ್ಲಿ ಬೇಯುವ ಕುಸ್‌ಕುಸ್

ರಬಾತ್, ಮೊರಾಕೊ
ಶುಕ್ರವಾರ ಸಂಜೆ

ತೀರ್ಥರೂಪ ಅತ್ತೆಯವರ ಪಾದಗಳಿಗೆ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ಮಾವನವರ ಮೊಣಕಾಲು ನೋವು ಇಳಿದಿದೆ ಎಂದು ತಿಳಿದು ಸಮಾಧಾನವಾಯಿತು. ಭಾವನವರು ಬೆಂಗಳೂರಿನಿಂದ ತಂದುಕೊಟ್ಟ ಕುಸ್‌ಕುಸ್ ಪಾಕೀಟನ್ನು ನೀವು ಒಗ್ಗರಣೆ ಕೊಟ್ಟು ಉಪ್ಪಿಟ್ಟಿನ ಹಾಗೆ ಮಾಡಿದಿರೆಂದೂ, ಅದು ಮುದ್ದೆ ಮುದ್ದೆಯಾಗಿ ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲವೆಂದೂ ಹೇಳಿ, "ಇಷ್ಟಕ್ಕ ಆ ದೇಶದವರು ಅಷ್ಟ್ಯಾಕ ಸಡಗರ ಮಾಡ್ತಾರ?" ಎಂದು ಫೋನಿನಲ್ಲಿ ಕೇಳಿದಿರಿ. ಅಡುಗೆಯಲ್ಲಿ ನಿಮಗೆ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ. ಆದರೆ ಈ ಒಂದು ಪದಾರ್ಥವನ್ನು ಹತ್ತಿರದಿಂದ ನೋಡಿ, ಕೈಯಾರೆ ಮಾಡಿ ಕಲಿಯುವ ಅವಕಾಶ ನನಗೆ ಸಿಕ್ಕಿದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲವಾದ್ದರಿಂದ ಪತ್ರ ಬರೆಯಲು ಕುಳಿತಿದ್ದೇನೆ.

ಮೊದಲು ಆ ಪಾಕೀಟಿನ ಮಾತು. ಅದರಲ್ಲಿರುವುದು ಗೋಧಿ ರವೆಯನ್ನು ಸಣ್ಣ ಸಣ್ಣ ಉರುಟು ಮಾಡಿ, ಕಾರ್ಖಾನೆಯಲ್ಲಿ ಮೊದಲೇ ಹಬೆಯಲ್ಲಿ ಬೇಯಿಸಿ ಒಣಗಿಸಿದ ಕಾಳು. ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ಅದು ಉಬ್ಬುತ್ತದೆ ಎಂದು ಬರೆದಿರುವುದು ಸುಳ್ಳಲ್ಲ. ಆದರೆ ನಮ್ಮ ಕೆಳಗಿನ ಮನೆಯಲ್ಲಿರುವ ಹಜ್ಜಾ (ಹಜ್ ಯಾತ್ರೆ ಮುಗಿಸಿ ಬಂದ ಹಿರಿಯ ಹೆಂಗಸರನ್ನು ಇಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ) ಅದನ್ನು ಅಡುಗೆಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕುದಿಯುವ ನೀರಿಗೆ ಹಾಕಿದ ಕಾಳು ಒಮ್ಮೆಲೇ ನೀರು ಕುಡಿದು ಹೊರಗೆ ಅಂಟಾಗುತ್ತದೆ, ಒಳಗೆ ಸಪ್ಪೆಯಾಗಿಯೇ ಉಳಿಯುತ್ತದೆ. ಉಪ್ಪಿಟ್ಟಿಗೆ ಆ ಅಂಟು ಸ್ವಲ್ಪ ಬೇಕು, ಇದಕ್ಕೆ ಬೇಡವೇ ಬೇಡ. ಇಲ್ಲಿನವರ ಕ್ರಮದಲ್ಲಿ ಕಾಳು ನೀರನ್ನು ನೇರವಾಗಿ ಮುಟ್ಟುವುದೇ ಕೈಯಿಂದ ಚಿಮುಕಿಸಿದಾಗ ಮಾತ್ರ. ಬೇಯುವುದೆಲ್ಲ ಹಬೆಯಲ್ಲಿ, ಅದೂ ಕೆಳಗೆ ತರಕಾರಿಯ ಸಾರು ಕುದಿಯುತ್ತಿರುವ ಪಾತ್ರೆಯಿಂದಲೇ ಏಳುವ ಹಬೆಯಲ್ಲಿ. ಹೀಗೆ ಸಾರು ಮತ್ತು ಕಾಳು ಒಂದೇ ಒಲೆಯ ಮೇಲೆ, ಒಂದರ ಮೇಲೊಂದು ಕುಳಿತು ಜೊತೆಯಲ್ಲಿಯೇ ತಯಾರಾಗುತ್ತವೆ. ಈ ಸಂಬಂಧವನ್ನು ಕಡಿದು ಕಾಳನ್ನಷ್ಟೇ ಪಾಕೀಟಿನಲ್ಲಿ ತುಂಬಿ ಮಾರಿದ್ದರಿಂದಲೇ ನಿಮಗೆ ಅದು ಸಪ್ಪೆ ರವೆಯಾಗಿ ಕಂಡಿತೆಂದು ನನ್ನ ಅಭಿಪ್ರಾಯ.

ಕಾಳು ತಯಾರಾಗುವ ರೀತಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅದು ನಿಮಗೆ ಬಹಳ ಹಿಡಿಸುವ ಕೆಲಸ. ಗಸಾ ಎಂಬ ಅಗಲವಾದ, ಅಂಚು ತಗ್ಗಾದ ಮಣ್ಣಿನ ಅಥವಾ ಮರದ ಪರಾತದಲ್ಲಿ ಗಟ್ಟಿ ಗೋಧಿಯ ದಪ್ಪ ರವೆಯನ್ನು ಹರಡಿ, ಬಿಸ್ಮಿಲ್ಲಾ ಎಂದು ಹೇಳಿ, ಉಪ್ಪುನೀರನ್ನು ಬೆರಳ ತುದಿಯಿಂದ ಚಿಮುಕಿಸುತ್ತಾರೆ. ಆಮೇಲೆ ಬೆರಳುಗಳನ್ನು ಅಗಲಿಸಿದ ಅಂಗೈಯನ್ನು ರವೆಯ ಮೇಲೆ ಹಗುರವಾಗಿ ಇಟ್ಟು ಸುತ್ತು ಸುತ್ತಾಗಿ ತಿರುಗಿಸುತ್ತ ಹೋಗುತ್ತಾರೆ, ಒತ್ತುವಂತಿಲ್ಲ, ಹಿಸುಕುವಂತಿಲ್ಲ. ತೇವವಾದ ರವೆಯ ಮೇಲೆ ಸಣ್ಣ ರವೆಯನ್ನೋ ಹಿಟ್ಟನ್ನೋ ಉದುರಿಸಿದಾಗ ಅದು ಪ್ರತಿ ಕಣವನ್ನೂ ಸುತ್ತಿಕೊಂಡು, ನೋಡನೋಡುತ್ತಿದ್ದಂತೆ ಸಾಸಿವೆ ಗಾತ್ರದ ಉರುಟು ಕಾಳುಗಳಾಗುತ್ತವೆ. ಅದನ್ನು ಸಾಣಿಗೆಗೆ ಹಾಕಿ ಆಡಿಸಿದರೆ ಸರಿಯಾದ ಗಾತ್ರದವು ಕೆಳಗಿಳಿಯುತ್ತವೆ. ದಪ್ಪನೆಯವನ್ನು ಮುರಿದು, ತೀರ ಸಣ್ಣ ಸಾಣಿಗೆಯಲ್ಲಿ ಜಾರಿದ ಪುಡಿಯನ್ನು ಕೂಡಿಸಿ, ಮತ್ತೆ ಪರಾತಕ್ಕೇ ಸೇರಿಸಿ ತಿರುಗಿಸುತ್ತಾರೆ. ಹಜ್ಜಾ ಅವರ ಕೈ ಆಡುವಾಗ ಮಣ್ಣಿನ ಪರಾತದ ಮೇಲೆ ರವೆ ಸರಿಯುವ ಸಪ್ಪಳ ಒಂದೇ ಸಮನೆ ಕೇಳುತ್ತಿರುತ್ತದೆ. ಆ ಸಪ್ಪಳ ಭಾರವಾದರೆ ನೀರು ಹೆಚ್ಚಾಯಿತೆಂದು ಅವರಿಗೆ ಕಣ್ಣು ಹಾಯಿಸದೆಯೇ ತಿಳಿಯುತ್ತದೆ, ಕೂಡಲೇ ಒಂದು ಹಿಡಿ ಒಣ ರವೆ ಬೀಳುತ್ತದೆ. ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಓಣಿಯ ಹೆಂಗಸರು ಒಂದು ಮನೆಯಲ್ಲಿ ಸೇರಿ ಇಂಥ ಕಾಳನ್ನು ವರ್ಷಕ್ಕಾಗುವಷ್ಟು ಮಾಡಿ, ಒಮ್ಮೆ ಹಬೆಯಾಡಿಸಿ, ಬಟ್ಟೆಯ ಮೇಲೆ ಒಣಗಿಸಿ ಕಟ್ಟಿಡುವ ಪದ್ಧತಿ ಮೊರಾಕೊದಿಂದ ತುನೀಸಿಯಾದವರೆಗೂ ಇತ್ತು, ಹಳ್ಳಿಗಳಲ್ಲಿ ಇನ್ನೂ ಇದೆ. ನಗರದವರು ಈಗ ಹೆಚ್ಚಾಗಿ ಅಂಗಡಿಯ ಒಣ ಕಾಳನ್ನೇ ತರುತ್ತಾರೆ. ಆದರೆ ತಂದದ್ದನ್ನು ಬೇಯಿಸುವ ಕ್ರಮದಲ್ಲಿ ರಿಯಾಯಿತಿ ಇಲ್ಲ.

ಆ ಕ್ರಮ ಹೀಗೆ. ಅರ್ಧ ಕಿಲೋ ಒಣ ಕಾಳಿಗೆ ಎರಡು ಚಮಚ ಎಣ್ಣೆ ಸವರಿ, ಅರ್ಧ ಲೋಟ ನೀರು ಚಿಮುಕಿಸಿ, ಗಂಟಿಲ್ಲದಂತೆ ಎರಡೂ ಅಂಗೈಗಳ ನಡುವೆ ಉಜ್ಜಿ, ಕೆಸ್ಕಾಸ್ ಎಂಬ ತೂತಿನ ಪಾತ್ರೆಗೆ ಸಡಿಲವಾಗಿ ತುಂಬಬೇಕು. ಅದನ್ನು ಸಾರು ಕುದಿಯುತ್ತಿರುವ ಪಾತ್ರೆಯ ಬಾಯಿಗೆ ಕೂಡಿಸಿ, ಎರಡೂ ಸೇರುವ ಕಡೆ ಹಿಟ್ಟಿನ ನೀರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಬಿಗಿದು, ಹಬೆಯೆಲ್ಲ ಕಾಳಿನ ಮೂಲಕವೇ ಏಳುವಂತೆ ಮಾಡುತ್ತಾರೆ. ಮೇಲೆ ಮುಚ್ಚಳ ಹಾಕುವುದಿಲ್ಲ. ಮುಚ್ಚಿದರೆ ಮುಚ್ಚಳದಲ್ಲಿ ತಣಿದ ಹಬೆ ಹನಿಯಾಗಿ ಮರಳಿ ಕಾಳಿನ ಮೇಲೆ ಬಿದ್ದು ಮುದ್ದೆಯಾಗುತ್ತದೆ. ಕಾಳಿನ ಮೇಲ್ಮೈಯಿಂದ ಹಬೆ ಎದ್ದು ಕಂಡ ಮೇಲೆ ಹದಿನೈದು ನಿಮಿಷ ಎಣಿಸಿ, ಎಲ್ಲವನ್ನೂ ಪರಾತಕ್ಕೆ ಸುರಿದು, ಚಮಚದಿಂದ ಗಂಟು ಒಡೆದು, ಕೈ ತಾಳುವಷ್ಟು ಆರಿದ ಮೇಲೆ ಒಂದು ಲೋಟ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿ ಮತ್ತೆ ಉಜ್ಜಬೇಕು. ಎರಡನೆಯ ಹಬೆ, ಮತ್ತೊಂದು ಲೋಟ ನೀರು, ಮೂರನೆಯ ಹಬೆ. ಕೊನೆಗೆ ಸ್ಮೆನ್ ಸವರುತ್ತಾರೆ. ಅದು ಉಪ್ಪು ಬೆರೆಸಿ ತಿಂಗಳುಗಟ್ಟಲೆ, ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಇಟ್ಟ ಬೆಣ್ಣೆ. ಅದರ ವಾಸನೆ ಎಲ್ಲರಿಗೂ ಒಗ್ಗುವಂಥದ್ದಲ್ಲ, ನಿಮ್ಮ ಮಗ ಇನ್ನೂ ಒಗ್ಗಿಲ್ಲ. ನಮ್ಮ ಮನೆಯಲ್ಲಿ ತುಪ್ಪವನ್ನೇ ಹಾಕುತ್ತೇನೆ. ಬೆಂದದ್ದು ಸಾಕೇ ಎಂದು ನೋಡಲು ಹಜ್ಜಾ ಒಂದು ಚಿಟಿಕೆ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕುತ್ತಾರೆ. ಮೆತ್ತಗಿದ್ದೂ ಬೆರಳಿಗೆ ಅಂಟದೆ ಉದುರಿದರೆ ಸರಿ, ಅಂಟಿದರೂ ಗರಗರ ಎಂದರೂ ಅದು ಮತ್ತೆ ಒಲೆಗೆ ಹೋಗುತ್ತದೆ.

ಕೆಳಗಿನ ಸಾರಿನಲ್ಲಿ ಇವರು ಕುರಿಮಾಂಸ ಅಥವಾ ಕೋಳಿ ಹಾಕುತ್ತಾರೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮನೆಗೆ ಸಲ್ಲುವಂಥದ್ದೇ. ಹಿಂದಿನ ರಾತ್ರಿ ನೆನೆಸಿದ ಕಾಬೂಲಿ ಕಡಲೆ, ಈರುಳ್ಳಿ, ಟೊಮೆಟೊ, ಉದ್ದಕ್ಕೆ ಸೀಳಿದ ಗಜ್ಜರಿ, ಟರ್ನಿಪ್, ಎಲೆಕೋಸು ಮೊದಲು ಹೋಗುತ್ತವೆ. ಕುಂಬಳಕಾಯಿ, ಜುಕಿನಿ, ಸೋರೆಕಾಯಿಗಳಂಥ ಬೇಗ ಕರಗುವವು ಕಾಳು ಎರಡನೆಯ ಹಬೆಗೆ ಏರುವ ಹೊತ್ತಿಗೆ. ಏಳು ತರಕಾರಿಯ ಈ ಬಗೆಯನ್ನು ಕಾಸಾಬ್ಲಾಂಕಾ ನಗರದ ಅರಬ್ಬಿ ಹೆಸರಿನಿಂದ ಬಿದಾವಿ ಎನ್ನುತ್ತಾರೆ. ಏಳನ್ನೇ ಎಣಿಸಿ ಹಾಕಿದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಮಸಾಲೆ ಎಂದರೆ ಒಣಶುಂಠಿ, ಕಾಳುಮೆಣಸು, ಅರಿಶಿನ, ದಕ್ಷಿಣ ಮೊರಾಕೊದ ತಲಿಯುಯೀನ್ ಕಡೆಯ ಕೇಸರಿಯ ನಾಲ್ಕು ಎಳೆ, ದಾರದಿಂದ ಕಟ್ಟಿ ಮುಳುಗಿಸಿದ ಒಂದು ಹಿಡಿ ಕೊತ್ತಂಬರಿ, ಇಷ್ಟೇ. ದಯವಿಟ್ಟು ಸಾಸಿವೆ, ಕರಿಬೇವು, ಇಂಗು ಹಾಕಬೇಡಿರಿ. ನಿಮ್ಮ ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆಂದು ನನಗೆ ಗೊತ್ತು, ಆದರೆ ಒಗ್ಗರಣೆ ಬಿದ್ದ ಕ್ಷಣವೇ ತರಕಾರಿಯ ಸಿಹಿ ಹಿಂದೆ ಸರಿದುಬಿಡುತ್ತದೆ. ಸಿಹಿ ಬೇಕೆನಿಸಿದರೆ ತ್ಫಾಯಾ ಮಾಡಬಹುದು: ಉದ್ದಕ್ಕೆ ಹೆಚ್ಚಿದ ಈರುಳ್ಳಿಯನ್ನು ಒಣದ್ರಾಕ್ಷಿ, ದಾಲ್ಚಿನ್ನಿ, ಜೇನುತುಪ್ಪ, ಸ್ವಲ್ಪ ಸಾರಿನೊಂದಿಗೆ ಸಣ್ಣ ಉರಿಯಲ್ಲಿ ಕಂದುಬಣ್ಣಕ್ಕೆ ಬರುವವರೆಗೆ ಬೇಯಿಸಿ ಕಾಳಿನ ತುದಿಗೆ ಇಡುವುದು. ಮಾವನವರಿಗೆ ಅದು ಖಂಡಿತ ಹಿಡಿಸುತ್ತದೆ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಇಡೀ ಊರು ಇದನ್ನೇ ಉಣ್ಣುತ್ತದೆ. ಆ ಹೊತ್ತಿಗೆ ಹಳೆಯ ಪೇಟೆಯ ಅಂಗಡಿಗಳು ಅರ್ಧಕ್ಕರ್ಧ ಮುಚ್ಚಿರುತ್ತವೆ. ಸಣ್ಣ ಖಾನಾವಳಿಗಳು ಕುಸ್‌ಕುಸ್ ಮಾಡುವುದೇ ಆ ಒಂದು ದಿನ. ಅಗಲವಾದ ತಾಟಿನಲ್ಲಿ ಕಾಳನ್ನು ಗೋಪುರವಾಗಿ ಸುರಿದು, ನಡುವೆ ಗುಂಡಿ ಮಾಡಿ, ತರಕಾರಿಗಳನ್ನು ಉದ್ದುದ್ದಕ್ಕೆ ಒರಗಿಸಿ, ಸಾರನ್ನು ಸೌಟಿನಿಂದ ಸುತ್ತಲೂ ಎರೆದು, ಮನೆಮಂದಿಯೆಲ್ಲ ಒಂದೇ ತಾಟಿನ ಸುತ್ತ ಕೂಡುತ್ತಾರೆ. ತನ್ನ ಮುಂದಿನ ಪಾಲನ್ನಷ್ಟೇ ಉಣ್ಣಬೇಕು, ಎದುರಿನವರ ಕಡೆ ಕೈ ಚಾಚುವುದು ಸಭ್ಯತೆಯಲ್ಲ. ಹಿರಿಯರು ಬಲಗೈಯಲ್ಲಿ ಕಾಳನ್ನು ಹಗುರವಾಗಿ ಕುಲುಕಿ ಉಂಡೆ ಮಾಡಿ ಬಾಯಿಗಿಡುತ್ತಾರೆ, ಕಿರಿಯರು ಚಮಚ ಹಿಡಿಯುತ್ತಾರೆ. ಉಣ್ಣುವ ಮೊದಲು ಒಂದೆರಡು ತಾಟು ಮಸೀದಿಗೆ, ಓಣಿಯ ಕಾವಲುಗಾರನಿಗೆ, ಯಾರೂ ಇಲ್ಲದವರ ಮನೆಗೆ ಹೋಗಿರುತ್ತವೆ. ನಮಗೆ ಬರುವ ತಾಟಿನ ಸಾರನ್ನು ಹಜ್ಜಾ ಮಾಂಸ ಹಾಕದೆ ಬೇರೆ ಪಾತ್ರೆಯಲ್ಲಿ ಕುದಿಸಿರುತ್ತಾರೆ. ಆ ಎರಡನೆಯ ಪಾತ್ರೆಯ ಶ್ರಮ ಎಷ್ಟೆಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

2020ರ ಡಿಸೆಂಬರಿನಲ್ಲಿ ಯುನೆಸ್ಕೊ ಕುಸ್‌ಕುಸ್ ಮಾಡುವ ಮತ್ತು ಉಣ್ಣುವ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅರ್ಜಿಯನ್ನು ಅಲ್ಜೀರಿಯಾ, ಮಾರಿಟಾನಿಯಾ, ಮೊರಾಕೊ, ತುನೀಸಿಯಾ ಈ ನಾಲ್ಕೂ ದೇಶಗಳು ಕೂಡಿ ಸಲ್ಲಿಸಿದ್ದವು. ಮೊರಾಕೊ ಮತ್ತು ಅಲ್ಜೀರಿಯಾದ ನಡುವಿನ ಗಡಿ 1994ರಿಂದ ಮುಚ್ಚಿದೆ; ಕುಸ್‌ಕುಸ್ ಯಾರದು ಎಂಬ ಜಗಳವೂ ಆಗಾಗ ಏಳುತ್ತದೆ. ಹಾಗಿದ್ದೂ ಈ ಒಂದು ಅರ್ಜಿಗೆ ಇಬ್ಬರೂ ಜೊತೆಯಾಗಿ ಸಹಿ ಹಾಕಿದರೆಂಬುದು ನನಗೆ ಇಂದಿಗೂ ಸೋಜಿಗ. ದೇಶಕ್ಕೊಂದು ರುಚಿಯಂತೂ ಇದ್ದೇ ಇದೆ. ತುನೀಸಿಯಾದಲ್ಲಿ ಹರೀಸಾ ಎಂಬ ಕೆಂಪು ಮೆಣಸಿನಕಾಯಿಯ ಚಟ್ನಿ ಕರಗಿಸಿದ ಕೆಂಪು ಸಾರು, ಕಡಲ ತೀರದ ಊರುಗಳಲ್ಲಿ ಮೀನು. ಸಮುದ್ರ ದಾಟಿ ಇಟಲಿಯ ಸಿಸಿಲಿ ದ್ವೀಪದ ತ್ರಾಪಾನಿಗೆ ಹೋದರೂ ಮೀನಿನದೇ ಇದೆ.

ನಿಮಗೆ ಉಪಯೋಗಕ್ಕೆ ಬರುವುದು ಅಲ್ಜೀರಿಯಾದ ಕಬೀಲಿಯಾ ಬೆಟ್ಟಗಳವರ ಅಮೆಕ್‌ಫೂಲ್. ಅದಕ್ಕೆ ಸಾರೇ ಬೇಡ. ಹಸಿ ಬಟಾಣಿ, ಗಜ್ಜರಿ, ಹುರುಳಿಕಾಯಿಗಳನ್ನು ಸಣ್ಣಗೆ ಹೆಚ್ಚಿ ಅದೇ ತೂತಿನ ಪಾತ್ರೆಯಲ್ಲಿ ಹಬೆಗಿಟ್ಟು, ಬೆಂದ ಕಾಳಿನೊಂದಿಗೆ ಆಲಿವ್ ಎಣ್ಣೆ ಹಾಕಿ ಬೆರೆಸುತ್ತಾರೆ, ಜೊತೆಗೆ ಮಜ್ಜಿಗೆ. ಮೊದಲ ಸಲಕ್ಕೆ ಇದನ್ನೇ ಮಾಡಿ ನೋಡಿರೆಂದು ನನ್ನ ಸಲಹೆ. ಕಾಳು ಉದುರುದುರಾಗಿ ಬಂದಿದೆಯೋ ಇಲ್ಲವೋ ಎಂಬುದನ್ನು ಸಾರು ಮುಚ್ಚಿಹಾಕುವುದಿಲ್ಲ.

ಧಾರವಾಡದಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಕುಸ್‌ಕುಸ್‌ಗೆ ಬೇಕಾದ ಗಟ್ಟಿ ಗೋಧಿಯೇ ನಮ್ಮ ಬನ್ಸಿ ರವೆಯ ಗೋಧಿ; ಹಳದಿ ಛಾಯೆಯ ಆ ರವೆ ಬೆಂದರೂ ಕಾಳು ಕಾಳಾಗಿ ನಿಲ್ಲುತ್ತದೆ. ಎರಡು ಪಾಲು ಬನ್ಸಿ ರವೆಗೆ ಒಂದು ಪಾಲು ಚಿರೋಟಿ ರವೆ ಇಟ್ಟುಕೊಂಡು, ನಿಮ್ಮ ಹಿತ್ತಾಳೆಯ ಪರಾತದಲ್ಲಿ ಮೇಲೆ ಬರೆದಂತೆ ತಿರುಗಿಸಿರಿ. ಕೈಯಿಂದ ಆಗತಾನೆ ಮಾಡಿದ ಕಾಳಿನಲ್ಲಿ ಮೊದಲೇ ತೇವ ಇರುವುದರಿಂದ ಮೊದಲ ಹಬೆಗೆ ನೀರು ಚಿಮುಕಿಸಬೇಕಾಗಿಲ್ಲ. ಇಡ್ಲಿ ಪಾತ್ರೆಯ ತಟ್ಟೆಗಳನ್ನು ತೆಗೆದಿಟ್ಟು, ಅದರ ಬಾಯಿಗೆ ಸರಿಯಾಗಿ ಕೂಡುವ ತೂತಿನ ಪಾತ್ರೆಯನ್ನು ಇಟ್ಟು, ಸಂದಿಗೆ ಕಣಕವನ್ನು ಮೆತ್ತಿದರೆ ಕೆಸ್ಕಾಸ್ ಆಯಿತು. ಕುದಿಯುವ ನೀರು ತೂತುಗಳನ್ನು ಮುಟ್ಟದಂತೆ ಕೆಳಗೆ ಜಾಗ ಬಿಟ್ಟರೆ ಸಾಕು. ಪಾಕೀಟು ಇನ್ನೂ ಉಳಿದಿದ್ದರೆ ಅದಕ್ಕೆ ಬಿಸಿನೀರು ಸುರಿಯದೆ, ಇದೇ ರೀತಿ ಎರಡು ಸಲ ಹಬೆಯಾಡಿಸಿರಿ.

ಬೇಸಿಗೆಗೆಂದು ಇನ್ನೊಂದಿದೆ. ಜವೆಗೋಧಿಯ, ಅಂದರೆ ಇಲ್ಲಿ ಬಾರ್ಲಿಯ, ನುಚ್ಚನ್ನು ಹಬೆಯಲ್ಲಿ ಬೇಯಿಸಿ ಆರಿಸಿ, ತಣ್ಣನೆಯ ಮಜ್ಜಿಗೆಯಲ್ಲಿ ಕಲಸಿದ ಸೈಕೂಕನ್ನು ರಸ್ತೆ ಬದಿಯಲ್ಲಿ ಬಟ್ಟಲಿಗೆ ಹಾಕಿ ಮಾರುತ್ತಾರೆ. ಥೇಟು ನಮ್ಮ ಜೋಳದ ನುಚ್ಚು ಮಜ್ಜಿಗೆಯೇ, ಉಪ್ಪು ಮಾತ್ರ ಇಲ್ಲ. ನಿಮ್ಮ ಮಗ ಅದನ್ನು ಕಂಡರೆ ಗಾಡಿ ನಿಲ್ಲಿಸದೆ ಮುಂದೆ ಹೋಗುವುದಿಲ್ಲ.

ಮದುವೆ ಊಟಗಳ ಕೊನೆಯಲ್ಲಿ ಬರುವ ಸೆಫ್ಫಾದ ಬಗ್ಗೆಯೂ ಹೇಳಿಬಿಡುತ್ತೇನೆ. ಸಣ್ಣ ಕಾಳನ್ನು ಬೆಣ್ಣೆಯಲ್ಲಿ ಹದಗೊಳಿಸಿ, ಮೇಲೆ ಸಕ್ಕರೆ ಪುಡಿ, ದಾಲ್ಚಿನ್ನಿಯ ಗೆರೆಗಳು, ಹುರಿದ ಬಾದಾಮಿ. ಇದನ್ನು ಕಾಳಿನ ಬದಲು ಶಾವಿಗೆಯಿಂದಲೂ ಮಾಡುತ್ತಾರೆ, ಆ ಶಾವಿಗೆಯನ್ನೂ ನೀರಿನಲ್ಲಿ ಕುದಿಸದೆ ಮೂರು ಸಲ ಹಬೆಯಲ್ಲಿಯೇ ಬೇಯಿಸುತ್ತಾರೆ. ನೀವು ಡಬ್ಬಿಯಲ್ಲಿ ಕಟ್ಟಿಟ್ಟಿರುವ ಗೋಧಿ ಶಾವಿಗೆ ಅಷ್ಟು ಹಬೆಗೆ ತಡೆಯುತ್ತದೆಯೇ, ಮುರಿಯುತ್ತದೆಯೇ ಎಂಬುದನ್ನು ಒಂದು ಹಿಡಿ ಇಟ್ಟು ನೋಡಿ ತಿಳಿಸಿರಿ. ತಡೆಯುವುದಾದರೆ ಮುಂದಿನ ಸಲ ಊರಿಗೆ ಬಂದಾಗ ಎರಡು ಡಬ್ಬಿ ಒಯ್ಯುತ್ತೇನೆ. ಹಜ್ಜಾ ಈಗಾಗಲೇ ಕೇಳಿದ್ದಾರೆ.

ಮಾವನವರಿಗೆ, ಭಾವನವರಿಗೆ ಮತ್ತು ನೆಗೆಣ್ಣಿಯವರಿಗೆ ನನ್ನ ನಮಸ್ಕಾರಗಳನ್ನು, ಮಕ್ಕಳಿಗೆ ಆಶೀರ್ವಾದಗಳನ್ನು ತಿಳಿಸಬೇಕು. ಪತ್ರ ತಲುಪಿದ್ದಕ್ಕೆ ಉತ್ತರ ಬರೆಯಿರಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಸೊಸೆ