ಐದನೆಯ ವಚನಕ್ಕೇ ನಿಲ್ಲಿಸಿದವನ ಪತ್ರ

ದಾವಣಗೆರೆ

ಪ್ರಿಯ ಗೆಳೆಯ,

ವಂದನೆ. ನಿಮ್ಮ ಚರ್ಚಿನ ಸಭೆಯ ಹುಡುಗರು ಲೆಕ್ಕ ಕೇಳಿ ಗೇಟಿನ ಮುಂದೆ ಕುಳಿತಿದ್ದಾರೆ, ಪೊಲೀಸರಿಗೆ ಹೇಳಲೇ ಎಂದು ಕೇಳಿದ್ದೀಯ. ಕಳೆದ ವರ್ಷ ನಾನೂ ಇದೇ ಯೋಚನೆಯಲ್ಲಿ ಮೊಬೈಲ್ ಕೈಗೆತ್ತಿಕೊಂಡಿದ್ದೆ. ಆದದ್ದನ್ನು ಬರೆಯುತ್ತೇನೆ, ನನ್ನ ಮರ್ಯಾದೆ ಹೋಗುವ ಭಾಗವನ್ನೂ ಬಿಡದೆ.

ನಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜು ನಿನಗೆ ಗೊತ್ತೇ ಇದೆ. ಒಂದು ಕುಂಬಳಕಾಯಿಯನ್ನು ಕೊಂಡವನೇ ಮತ್ತೆ ಕಾಣಿಕೆ ಕೊಟ್ಟು, ಅದು ನಾಲ್ಕು ಕೈ ದಾಟಿ, ಕೊನೆಗೆ ಎರಡು ಸಾವಿರಕ್ಕೆ ನಿಲ್ಲುತ್ತದೆ. ಆ ಹಣ ಬಡ ಮಕ್ಕಳ ಶಾಲಾ ಶುಲ್ಕಕ್ಕೆ ಎಂದು ಎಲ್ಲರೆದುರೇ ಹೇಳಿದ್ದೆವು. ಮುಂದೆ ಕಾಂಪೌಂಡ್ ಗೋಡೆ ಕುಸಿಯಿತು, ಸಮಿತಿಯವರು ಅದೇ ಹಣದಿಂದ ಕಟ್ಟಿಸಿದೆವು. ಯಾರೂ ಒಂದು ರೂಪಾಯಿ ತಿಂದಿಲ್ಲ. ಯಾರನ್ನೂ ಕೇಳಲೂ ಇಲ್ಲ. ಖಜಾಂಚಿ ನಾನು.

ಒಂದು ಭಾನುವಾರ ಏಳು ಮಂದಿ ಹುಡುಗ ಹುಡುಗಿಯರು ಆ ಹೊಸ ಗೋಡೆಗೇ ಒರಗಿ ಕುಳಿತಿದ್ದರು. ಜಯದೇವ ವೃತ್ತದಲ್ಲಿ ಭದ್ರಾ ನೀರಿಗಾಗಿ ರೈತರು ಕುಳಿತಾಗ ‘ನ್ಯಾಯವಾದ ಬೇಡಿಕೆ’ ಎಂದು ತಲೆದೂಗಿ ಮುಂದೆ ಹೋಗುವವನು ನಾನು. ನಮ್ಮ ಗೇಟಿಗೆ ಬಂದಾಗ ಮಾತ್ರ ಅದು ಗಲಾಟೆಯಾಗಿ ಕಂಡಿತು. ಒಬ್ಬನ ಕೈಯಲ್ಲಿ ರಟ್ಟು: ‘ಜಕ್ಕಾಯ ನಾಲ್ಕರಷ್ಟು ಕೊಟ್ಟ, ನಮಗೆ ಒಂದರಷ್ಟು ಸಾಕು.’ ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಬೈಬಲಿನ ಸುಂಕದವನ ಆ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಅವನಿಗೆ ಕಲಿಸಿದ್ದು ನಾನೇ. ಸುಂಕದವನಿಗೆ ಹೋಲಿಸಿದ್ದು ಒಂದು ನೋವು, ಜಕ್ಕಾಯ ಗಿಡ್ಡನಾಗಿದ್ದ ಎಂಬುದು ಇನ್ನೊಂದು. ನನ್ನ ಎತ್ತರ ನಿನಗೆ ಗೊತ್ತಲ್ಲ.

ಒಳಗೆ ಹೋದವನು ಆರಾಧನೆಯ ನಡುವೆ ಪ್ರಕಟಣೆಯ ಹೊತ್ತಿನಲ್ಲಿ ಬೈಬಲಿನ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯ ತೆರೆದೆ. ಪ್ರೀತಿ ತಾಳ್ಮೆಯುಳ್ಳದ್ದು, ಸಿಟ್ಟುಗೊಳ್ಳದು, ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದು. ಹೊರಗಿನವರಿಗೂ ಕೇಳಲೆಂದು ಕಿಟಕಿಯ ಕಡೆ ಮುಖ ಮಾಡಿ, ದನಿ ಏರಿಸಿ ಓದಿದೆ. ಆರಾಧನೆ ಮುಗಿದ ಮೇಲೆ ನಮ್ಮ ನಿವೃತ್ತ ಟೀಚರಮ್ಮ ಚಪ್ಪಲಿ ಹುಡುಕುತ್ತಾ, ತಲೆ ಎತ್ತದೆಯೇ ಹೇಳಿದರು: ‘ಐದನೆಯ ವಚನಕ್ಕೇ ನಿಲ್ಲಿಸಿದೆಯಲ್ಲಪ್ಪಾ, ಆರನೆಯದು ಏನು ಪಾಪ ಮಾಡಿತ್ತು?’

ಆರನೆಯದು, ಪ್ರೀತಿ ಅನ್ಯಾಯಕ್ಕೆ ಸಂತೋಷಪಡದೆ ಸತ್ಯದ ಜೊತೆ ಸಂತೋಷಪಡುತ್ತದೆ ಎಂಬುದು. ಮನೆಗೆ ಬಂದು ಟಿಪ್ಪಣಿ ನೋಡಿದರೆ ಇನ್ನೊಂದು ಪೆಟ್ಟು. ‘ಇಟ್ಟುಕೊಳ್ಳದು’ ಎಂಬಲ್ಲಿ ಪೌಲನು ಬಳಸಿದ ಗ್ರೀಕ್ ಪದ ಲೆಕ್ಕದವರದು, ಖಾತೆಗೆ ಬರೆದುಕೊಳ್ಳುವುದು ಎಂದರ್ಥ. ಪ್ರೀತಿ ಕೆಡುಕಿನ ಲೆಕ್ಕ ಇಡುವುದಿಲ್ಲ ಎಂಬ ಮಾತನ್ನು ಅಡ್ಡ ಹಿಡಿದು ನಾನು ಹಣದ ಲೆಕ್ಕ ಕೊಡದೆ ಕುಳಿತಿದ್ದೆ!

ಸಮಿತಿಯ ಕೋಣೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಚಿತ್ರ ತೂಗುಹಾಕಿದವನೂ ನಾನೇ. ಅಮೆರಿಕದಲ್ಲಿ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ವರ್ಣಭೇದ ವಿರೋಧಿ ಪ್ರತಿಭಟನೆಗಳು ವಿವೇಕದ್ದಲ್ಲ, ಸಕಾಲದ್ದೂ ಅಲ್ಲ ಎಂದು ಎಂಟು ಮಂದಿ ಧರ್ಮಗುರುಗಳು ಹೇಳಿಕೆ ಕೊಟ್ಟಿದ್ದರು. ಕಿಂಗ್ ಸೆರೆಮನೆಯಿಂದ ಉತ್ತರ ಬರೆದದ್ದು ಅವರಿಗೇ. ಆ ಭಾನುವಾರ ನಾನು ಒಂಬತ್ತನೆಯವನಾಗಿದ್ದೆ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ಒಡ್ಡು ಎಂಬ ಯೇಸುವಿನ ಮಾತನ್ನೂ ಎತ್ತಿದ್ದೀಯ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯ ನೋಡು. ಕಾವಲುಗಾರ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನಾನು ಹೇಳಿದ್ದು ತಪ್ಪಾದರೆ ತೋರಿಸು, ಸರಿಯಾದರೆ ಏಕೆ ಹೊಡೆದೆ ಎಂದು ಕೇಳಿದನು. ನಮ್ಮ ಹುಡುಗರು ಕೇಳಿದ್ದೂ ಹೆಚ್ಚುಕಡಿಮೆ ಅಷ್ಟೇ.

ಮರುದಿನ ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿ ಅವರ ಪಕ್ಕ ನೆಲದ ಮೇಲೆ ಕುಳಿತೆ. ‘ಅಂಕಲ್, ಇದು ಲಂಚವೇ?’ ಎಂದಳು ಒಬ್ಬಳು. ‘ಅಲ್ಲಮ್ಮ, ಹಸಿವು’ ಎಂದೆ. ರಸೀದಿ ಪುಸ್ತಕ, ಸಿಮೆಂಟಿನ ಬಿಲ್ಲು, ಕೂಲಿಯ ಚೀಟಿ ಎಲ್ಲ ಹರಡಿದೆ. ಮೂರು ಸಲ ಕೂಡಿದರೂ 340 ರೂಪಾಯಿ ತಾಳೆಯಾಗಲಿಲ್ಲ. ನನಗೆ ಬೆವರು. ಕೊನೆಗೆ, ಮೊಳೆ ತಂತಿಯ ಚೀಟಿಯನ್ನು ನಾನು ಎರಡು ಸಲ ಬರೆದದ್ದನ್ನು ಕಂಡುಹಿಡಿದವನು ಆ ರಟ್ಟಿನ ಹುಡುಗ. ಅವನ ಬೆರಳಿನ ಮಿರ್ಚಿ ಎಣ್ಣೆ ಆ ಪುಟದಲ್ಲಿ ಇನ್ನೂ ಇದೆ.

ಎಲ್ಲವೂ ಸುಖಾಂತವಾಯಿತು ಎಂದುಕೊಳ್ಳಬೇಡ. ಶುಲ್ಕದ ಹಣವನ್ನು ಕಂತಿನಲ್ಲಿ ಹಿಂದಿರುಗಿಸುತ್ತಿದ್ದೇವೆ. ಸಮಿತಿ ರಾಜೀನಾಮೆ ಕೊಡಲಿ ಎಂದು ಇಬ್ಬರು ಇನ್ನೂ ಹಟ ಹಿಡಿದಿದ್ದಾರೆ, ಒಪ್ಪುವುದಿಲ್ಲ ಎಂದು ನಾನೂ ಮುಖಕ್ಕೇ ಹೇಳಿದ್ದೇನೆ. ರಟ್ಟಿನ ಹುಡುಗ ವಂದನೆ ಹೇಳಿ ಬೇರೆ ಸಾಲಿನಲ್ಲಿ ಕೂರುತ್ತಾನೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ದುರ್ಗಕ್ಕೆ ಬರುತ್ತೇನೆ. ಅಷ್ಟರಲ್ಲಿ ಪೊಲೀಸರಿಗೆ ಫೋನ್ ಮಾಡಬೇಡ, ಮೂರು ವರ್ಷದ ರಸೀದಿ ಪುಸ್ತಕಗಳನ್ನು ಹುಡುಕಿಡು.

ಕರ್ತನಲ್ಲಿ,
ನಿನ್ನ ಗೆಳೆಯ