ಬೇಕೇ ಬೇಕು, ನಗೆ ಕಾದಂಬರಿ ಬೇಕು

ಸಂಪಾದಕರೇ,

ಈಗಿನ ಕಾಲೇಜು ಹುಡುಗರು ಕನ್ನಡ ಕಾದಂಬರಿ ಓದುವುದಿಲ್ಲ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಒಬ್ಬರು ಬೇಜಾರು ಮಾಡಿಕೊಂಡಿದ್ದರು. ಓದುವುದಿಲ್ಲ, ನಿಜ. ಆದರೆ ಅವರ ಬಗ್ಗೆ ನಾವು ಬರೆದಿರುವುದಾದರೂ ಏನು? ಕಥೆಯಲ್ಲಿ ಕಾಲೇಜು ಹುಡುಗ ಚಳವಳಿಗೆ ಇಳಿದ ಅಂದರೆ ಮುಗಿಯಿತು. ಐವತ್ತನೇ ಪುಟಕ್ಕೆ ಗಡ್ಡ ಬರುತ್ತದೆ, ನೂರನೇ ಪುಟಕ್ಕೆ ಭ್ರಮನಿರಸನ, ಆಮೇಲೆ ಹುಡುಗಿ ಬಿಟ್ಟು ಹೋಗುತ್ತಾಳೆ, ಇಲ್ಲದಿದ್ದರೆ ಇವನೇ ಊರು ಬಿಡುತ್ತಾನೆ. ಮಳೆ ಬೇರೆ ಸುರಿಯುತ್ತಿರುತ್ತದೆ. ನಾನು ಇದೇ ಬೆಂಗಳೂರಿನ ಕಾಲೇಜುಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಹೋರಾಟ ಮಾಡುವ ಹುಡುಗ ಹುಡುಗಿಯರನ್ನು ಹತ್ತಿರದಿಂದ ನೋಡಿದ್ದೇನೆ. ತಮಗೇ ಗೊತ್ತಿಲ್ಲದೆ ಅಷ್ಟು ನಗಿಸುವವರನ್ನು ಬೇರೆಲ್ಲೂ ಕಂಡಿಲ್ಲ. ಅವರ ಪ್ರೇಮ, ಅವರ ಪೋಸ್ಟರು, ಅವರ ಅಟೆಂಡೆನ್ಸ್ ಶಾರ್ಟೇಜ್ ಎಲ್ಲ ಸೇರಿಸಿ ಯಾರಾದರೂ ಒಂದು ಒಳ್ಳೆ ನಗೆ ಕಾದಂಬರಿ ಬರೆಯಬೇಕು. ಅದನ್ನು ನೀವು ವಾರ ವಾರ ಧಾರಾವಾಹಿಯಾಗಿ ಹಾಕಬೇಕು.

ಸರಕಿಗೆ ಈ ಊರಿನಲ್ಲಿ ಕೊರತೆ ಇಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1989ರ ಸುಮಾರಿಗೇ ನಿಂತುಹೋಯಿತು. ಈಗಿನ ಹುಡುಗರ ಅಪ್ಪಂದಿರೇ ಎಷ್ಟೋ ಜನ ಕಾಲೇಜಿನಲ್ಲಿ ಓಟು ಹಾಕಿದವರಲ್ಲ. ಹದಿನೆಂಟಕ್ಕೆ ಎಂಎಲ್‌ಎ ಆರಿಸಬಹುದು, ಆದರೆ ಕ್ಲಾಸ್ ರೆಪ್ ಯಾರು ಅಂತ ಮೇಷ್ಟ್ರು ಹೇಳಬೇಕು. ಇಂಥ ಕಡೆ ಒಬ್ಬ ಹುಡುಗ ಚುನಾವಣೆ ಬೇಕು ಅಂತ ಶುರು ಮಾಡುತ್ತಾನೆ ಅಂದುಕೊಳ್ಳಿ. ನಿಜವಾದ ಕಾರಣ ಎರಡನೇ ಬೆಂಚಿನ ಹುಡುಗಿ ತನ್ನ ಭಾಷಣ ಕೇಳಲಿ ಅನ್ನುವುದು. ಅವಳಿಗೋ ಚುನಾವಣೆಯಲ್ಲಿ ನಿಜವಾಗಿ ಆಸಕ್ತಿ. ಇವನಿಗಿಂತ ಚೆನ್ನಾಗಿ ಓದಿಕೊಂಡಿದ್ದಾಳೆ, ಇವನಿಗಿಂತ ಚೆನ್ನಾಗಿ ಮಾತಾಡುತ್ತಾಳೆ. ಆದರೂ ಸಂಘಟನೆಯ ಹುಡುಗರು ಅವಳ ಕೈಗೆ ಚಾರ್ಟ್ ಶೀಟು, ಸ್ಕೆಚ್ ಪೆನ್ನು ಕೊಟ್ಟು ‘ನಿನ್ನ ಅಕ್ಷರ ಚೆನ್ನಾಗಿದೆ ಕಣೇ’ ಅನ್ನುತ್ತಾರೆ. ಮೈಕು ಇವರ ಕೈಯಲ್ಲೇ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಡದವರಲ್ಲೂ ನೋಡಿದ್ದೇನೆ, ಬಲದವರಲ್ಲೂ ನೋಡಿದ್ದೇನೆ, ಈ ಒಂದು ವಿಷಯದಲ್ಲಿ ಇಬ್ಬರಿಗೂ ಏನೂ ಜಗಳ ಇಲ್ಲ.

ಪ್ರತಿಭಟನೆ ಮಾಡುವುದಾದರೆ ಫ್ರೀಡಂ ಪಾರ್ಕಿಗೇ ಹೋಗಬೇಕು. ಬೇರೆ ಕಡೆ ಧರಣಿ, ಮೆರವಣಿಗೆ ಕೂಡದು ಅಂತ ಸರ್ಕಾರದ ಆದೇಶ ಇದೆ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಜಾಗ. ಹಿಂದಿನವರು ಹೋರಾಟ ಮಾಡಿ ಜೈಲಿಗೆ ಹೋಗುತ್ತಿದ್ದರು, ಈಗಿನವರು ಅರ್ಜಿ ಕೊಟ್ಟು ಜೈಲಿಗೆ ಹೋಗಿ ಹೋರಾಟ ಮಾಡುತ್ತಾರೆ. ಇದಕ್ಕಿಂತ ಒಳ್ಳೆ ಜೋಕು ಯಾವ ಕಾದಂಬರಿಕಾರ ಕಟ್ಟಿಯಾನು? ಅಲ್ಲಿ ಒಂದೇ ದಿನ ಪಕ್ಕ ಪಕ್ಕದಲ್ಲೇ ಬೇರೆ ಬೇರೆ ಶಾಮಿಯಾನಗಳು ಬೇರೆ. ಈ ಕಡೆ ಅಂಗನವಾಡಿಯವರು, ಆ ಕಡೆ ಅತಿಥಿ ಉಪನ್ಯಾಸಕರು, ನಡುವೆ ನಮ್ಮ ಹುಡುಗ. ಅವಳ ಕಡೆ ನೋಡುತ್ತಾ ‘ಬೇಕೇ ಬೇಕು’ ಅಂತ ಕೂಗುತ್ತಾನೆ, ಆಚೆ ಶಾಮಿಯಾನದವರು ‘ನ್ಯಾಯ ಬೇಕು’ ಅನ್ನುತ್ತಾರೆ, ಅವಳು ಫೋನು ನೋಡುತ್ತಿರುತ್ತಾಳೆ.

2019ರ ಡಿಸೆಂಬರ್‌ನಲ್ಲಿ ಟೌನ್‌ಹಾಲ್ ಮುಂದೆ ಪೌರತ್ವ ಕಾಯ್ದೆ ವಿರುದ್ಧ ಸೇರಿದ್ದ ಜನರನ್ನು ಕಳಿಸಲು ಪೊಲೀಸ್ ಅಧಿಕಾರಿಯೊಬ್ಬರು ರಾಷ್ಟ್ರಗೀತೆ ಹಾಡಿದ್ದು ನೆನಪಿದೆಯಾ? ಸೇರಿದ್ದವರೂ ಎದ್ದು ನಿಂತು ಹಾಡಿ ಹೊರಟರು. ಆ ಗುಂಪಿನಲ್ಲಿ ಒಬ್ಬ ಹುಡುಗ ಆಗಷ್ಟೇ ಧೈರ್ಯ ಮಾಡಿ ಅವಳ ನಂಬರ್ ಕೇಳಲು ಬಾಯಿ ತೆರೆದಿದ್ದರೆ ಅವನ ಗತಿ ಏನಾಗಿರಬೇಡ. ಪಾಪ, ಅಟೆನ್ಷನ್‌ನಲ್ಲೇ ನಿಂತಿರಬೇಕು.

ಪ್ರೇಮವೂ ಹೋರಾಟವೂ ನೇರವಾಗಿ ಒಂದಾಗಿದ್ದು 2009ರಲ್ಲಿ. ಆ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಹೊಡೆದರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಆಮೇಲೆ ಅದೇ ಹೊಡೆದ ಶ್ರೀರಾಮ ಸೇನೆಯವರು ಪ್ರೇಮಿಗಳ ದಿನ ಜೋಡಿಗಳು ಸಿಕ್ಕರೆ ಮದುವೆ ಮಾಡಿಸುತ್ತೇವೆ ಅಂದರು. ಅದಕ್ಕೆ ಉತ್ತರವಾಗಿ ದೇಶದ ಎಲ್ಲಾ ಕಡೆಯಿಂದ ಹೆಣ್ಣುಮಕ್ಕಳು ಅವರಿಗೆ ಗುಲಾಬಿ ಬಣ್ಣದ ಚಡ್ಡಿಗಳನ್ನು ಕಳಿಸಿದರು. ಇದನ್ನೇ ಇಟ್ಟುಕೊಂಡು ಮೂರು ಅಧ್ಯಾಯ ಬರೆಯಬಹುದು. ಮನೆಯಲ್ಲಿ ಒಪ್ಪದ ಒಂದು ಜೋಡಿ ಇದೆ ಅಂದುಕೊಳ್ಳಿ. ಛತ್ರದ ಖರ್ಚಿಲ್ಲ, ಜಾತಕ ಕೇಳುವವರಿಲ್ಲ, ಸೇನೆಯವರೇ ನಿಂತು ಮಾಡಿಸುತ್ತಾರಲ್ಲ ಅಂತ ಬೆಳಿಗ್ಗೆಯಿಂದ ಕಬ್ಬನ್ ಪಾರ್ಕು, ಲಾಲ್‌ಬಾಗು ಎಲ್ಲಾ ಹುಡುಕಿಕೊಂಡು ಅಲೆಯುತ್ತಾರೆ. ಯಾರೂ ಸಿಗುವುದಿಲ್ಲ. ಕೊನೆಗೆ ಸಿಕ್ಕವರು ‘ಯಾವ ಜನ?’ ಅಂತ ಕೇಳುತ್ತಾರೆ, ಬೇರೆ ಬೇರೆ ಅಂತ ಗೊತ್ತಾದ ಮೇಲೆ ‘ಹೋಗಿ, ಹೋಗಿ, ಮನೆಯಲ್ಲಿ ಕೇಳಿಕೊಂಡು ಬನ್ನಿ’ ಅನ್ನುತ್ತಾರೆ.

ನನ್ನ ಪ್ರಕಾರ ಕಾದಂಬರಿಯ ಜೀವ ಇಲ್ಲೇ ಇದೆ. ಲಾಠಿಗೆ ಹೆದರದ ಹುಡುಗ ಅಮ್ಮನಿಗೆ ಹೆದರುತ್ತಾನೆ. ಜಾತಿ ಬಿಡಿ ಅಂತ ಹಗಲೆಲ್ಲಾ ಭಾಷಣ ಮಾಡಿ, ಪೊಲೀಸ್ ವ್ಯಾನು ಹತ್ತಿ, ಸಂಜೆ ಬಿಟ್ಟ ಮೇಲೆ ಮನೆಗೆ ಫೋನ್ ಮಾಡಿ ‘ಲೈಬ್ರರಿಯಲ್ಲಿದ್ದೆ ಅಮ್ಮ’ ಅನ್ನುತ್ತಾನೆ. ಸರ್ಕಾರ ಉರುಳಿಸಲು ರೆಡಿ, ಮನೆಯಲ್ಲಿ ಅವಳ ಹೆಸರು ಹೇಳಲು ಮಾತ್ರ ‘ಅಕ್ಕನ ಮದುವೆ ಆಗಲಿ ತಡಿ’. ಅವಳು ಎಷ್ಟು ದಿನ ಕಾಯಬೇಕು? ಕಾಯದೆ ಬೈದು ಹೋದರೆ ಅದು ದುರಂತ ಅಂತ ಯಾಕೆ ಬರೆಯಬೇಕು, ಅವಳ ಪಾಲಿಗೆ ಅದು ಒಳ್ಳೆಯದೇ ಅಲ್ವಾ?

ಹೋರಾಟವನ್ನು ನೋಡಿ ನಗಬಾರದು, ಅದರ ಬೆಲೆ ಕಡಿಮೆಯಾಗುತ್ತದೆ ಅನ್ನುವವರು ಇದ್ದಾರೆ. ಯಾರನ್ನು ನೋಡಿ ನಗುತ್ತೇವೆ ಅನ್ನುವುದರ ಮೇಲೆ ಅದು ನಿಂತಿದೆ. 1973ರ ಬೂಸಾ ಗಲಾಟೆಯನ್ನೇ ನೋಡಿ. ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ಅಂದರೆ ದನದ ಮೇವು, ಅಂದರು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ಹುಡುಗರ ಮೇಲೆ ಹಲ್ಲೆ ಆಯಿತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಏಟು ತಿಂದ ಹುಡುಗರನ್ನು ನೋಡಿ ನಗುವ ಪುಸ್ತಕ ಬೇಡವೇ ಬೇಡ. ಆದರೆ ಸಾಹಿತ್ಯ ಉಳಿಸಲು ಕಲ್ಲು ಎತ್ತಿದವರಲ್ಲಿ ಎಷ್ಟು ಜನ ಪುಸ್ತಕ ಎತ್ತಿದ್ದರು ಅಂತ ಕೇಳುವ ಧೈರ್ಯ ನಗೆಗೆ ಇದೆ. ಗಂಭೀರ ಕಾದಂಬರಿ ಅದನ್ನು ಕೇಳಲು ಮುನ್ನುಡಿಯೇ ಹದಿನೈದು ಪುಟ ಬರೆಯುತ್ತದೆ.

ಇದೇನು ನಮಗೆ ಹೊಸದೂ ಅಲ್ಲ. ‘ಕೊರವಂಜಿ’ ಪತ್ರಿಕೆ ಬೆಂಗಳೂರಿನಲ್ಲಿ ಶುರುವಾಗಿದ್ದು 1942ರಲ್ಲಿ, ಹುಡುಗರು ಕ್ಲಾಸು ಬಿಟ್ಟು ಕ್ವಿಟ್ ಇಂಡಿಯಾಗೆ ಇಳಿದ ವರ್ಷದಲ್ಲೇ. ಅಂಥ ಕಾಲದಲ್ಲೂ ಈ ಊರಿಗೆ ನಗೆ ಪತ್ರಿಕೆ ಬೇಕಾಗಿತ್ತು.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಿಮ್ಮ ದೀಪಾವಳಿ ಕಥಾಸ್ಪರ್ಧೆಯಲ್ಲಿ ಯಾರೂ ಸಾಯದ ಕಥೆಗೆ ಬಹುಮಾನ ಬಂದಿದ್ದು ನನಗಂತೂ ನೆನಪಿಲ್ಲ. ತೀರ್ಪುಗಾರರಿಗೆ ಸ್ವಲ್ಪ ಹೇಳಿ. ಮತ್ತೆ ಧಾರಾವಾಹಿ ಬರೆಸುವುದಾದರೆ ನನ್ನ ವಯಸ್ಸಿನವರ ಕೈಲಿ ಬರೆಸಬೇಡಿ, ನಾವು ಗೋಕಾಕ್ ಚಳವಳಿಯ ನೆನಪು ತಂದು ತುಂಬಿಬಿಡುತ್ತೇವೆ. ಇಪ್ಪತ್ತೈದರ ಒಳಗಿನ ಯಾರನ್ನಾದರೂ ಹಿಡಿಯಿರಿ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಸಂಭಾವನೆ ಸರಿಯಾಗಿ ಕೊಡಿ, ಕಂತು ತಡವಾದರೆ ಸ್ವಲ್ಪ ಸಹಿಸಿಕೊಳ್ಳಿ, ಪರೀಕ್ಷೆ ಇರುತ್ತದೆ. ದಯವಿಟ್ಟು ಕೊನೆಯ ಕಂತಿನಲ್ಲಿ ನಾಯಕಿಯನ್ನು ಅಮೆರಿಕಕ್ಕೆ ಕಳಿಸಲು ಬಿಡಬೇಡಿ.

ಇಂತಿ,
ಒಬ್ಬ ನಿವೃತ್ತ ಉಪನ್ಯಾಸಕಿ
ಬಸವನಗುಡಿ, ಬೆಂಗಳೂರು